ಸೊಟ್ಟ ಜೇಬು

ನಮ್ಮ ದೊಡ್ಡಮ್ಮನಿಗೆ ಜೀನ್ಸ್ ಕಾರ್ಖಾನೆಯವರು ಇಟ್ಟ ಹೆಸರು ಅಡಿಪಟ್ಟಿ. ಇಪ್ಪತ್ತೆರಡು ವರ್ಷದಿಂದ ಅವಳು ಹೊಲಿಯುವುದು ಪ್ಯಾಂಟಿನ ಹಿಂದಿನ ಜೇಬು ಮಾತ್ರ. ಗುರುತು ಹಾಕದೆ ಹೊಲಿದರೂ ಕೂದಲೆಳೆಯಷ್ಟು ಆಚೀಚೆ ಆಗದು. ಈ ಜಂಬ ಮನೆಗೂ ಬರುತ್ತಿತ್ತು. ನಾನು ಹಾಸಿದ ಚಾಪೆ ಗೋಡೆಗೆ ಸಮನಾಗಿಲ್ಲದಿದ್ದರೆ, ಮಲಗಿದವಳನ್ನೂ ಎಬ್ಬಿಸಿ ಸರಿಮಾಡುತ್ತಿದ್ದಳು. ಕಾರ್ಖಾನೆಯಲ್ಲೂ ಅವಳ ಪಕ್ಕದ ಮಿಷನ್ನೇ ಸಿಕ್ಕಿದ ನನ್ನ ಪಾಡು ಯಾರಿಗೂ ಬೇಡ.

ಅಂಥವಳಿಗೆ ಕಣ್ಣು ಮಂಜಾಯಿತು. ಬಾಯಿಬಿಟ್ಟರೆ ಮಿಷನ್ನಿನಿಂದ ಎಬ್ಬಿಸಿ, ದಾರದ ತುದಿ ಕತ್ತರಿಸಲು ಕೂರಿಸುತ್ತಾರೆಂಬ ಭಯ ಅವಳಿಗೆ. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆದು, ನಿನಗೂ ಅಭ್ಯಾಸವಾಗಲಿ ಅನ್ನುತ್ತಿದ್ದಳು. ನಾನೂ ಏನೂ ಗೊತ್ತಿಲ್ಲದವಳ ಹಾಗೆ ಪೋಣಿಸಿಕೊಡುತ್ತಿದ್ದೆ.

ಆಗಲೇ ಒಬ್ಬ ಡಿಸೈನರ್ ಬಂದು, ಯಾರೋ ಗಾಯಕಿಯ ಹೊಸ ಆಲ್ಬಮ್ಮಿನ ಫೋಟೋಗೆಂದು ಒಂದೇ ಒಂದು ಪ್ಯಾಂಟು ಅವಸರದಲ್ಲಿ ಹೊಲಿಸಿಕೊಂಡು ಹೋದ. ಅಡಿಪಟ್ಟಿ ಹೊಲಿದದ್ದೆಂದರೆ ಯಾರೂ ತಿರುಗಿಸಿ ನೋಡುವುದಿಲ್ಲ, ಅದನ್ನೂ ನೋಡಲಿಲ್ಲ. ಎರಡು ತಿಂಗಳ ಮೇಲೆ ಅವನು ಆಲ್ಬಮ್ ಹಿಡಿದು ಬಂದ. ಮುಖಪುಟದಲ್ಲಿ ಗಾಯಕಿ ಗಿಟಾರ್ ಹಿಡಿದು ನಮಗೆ ಬೆನ್ನು ಹಾಕಿ ನಿಂತಿದ್ದಾಳೆ. ಎಡಜೇಬು ಸೊಟ್ಟ. ಅಷ್ಟಿಷ್ಟು ಸೊಟ್ಟವಲ್ಲ, ಕುರುಡರಿಗೂ ಕಾಣುವಷ್ಟು. ಇದನ್ನು ಹೊಲಿದವರು ಯಾರು ಎಂದು ಕೇಳಿದ.

ದೊಡ್ಡಮ್ಮ ಎದ್ದು ನಿಂತಳು.

"ನಾನೇ. ಕಣ್ಣು ಸರಿಯಾಗಿ ಕಾಣ್ತಿಲ್ಲ ಸಾರ್. ಮಿಷನ್ ಒಂದು ಬಿಡಿಸ್ಬೇಡಿ."

ಆ ಪುಣ್ಯಾತ್ಮ ನಕ್ಕುಬಿಟ್ಟ. ಆ ಮುಖಪುಟ ನೋಡಿದವರೆಲ್ಲ ಸೊಟ್ಟ ಜೇಬೇ ಬೇಕೆಂದು ಅಂಗಡಿಗೆ ಮುಗಿಬಿದ್ದಿದ್ದಾರಂತೆ. ಮೂರು ಸಾವಿರ ಪ್ಯಾಂಟು ಬೇಕಂತೆ, ಅದೂ ಅದೇ ಕೈಯಿಂದ. ನಮ್ಮ ಕಾರ್ಖಾನೆಯ ಮಾಸ್ಟರ್ ಖುಷಿಯಲ್ಲಿ ದೊಡ್ಡಮ್ಮನಿಗೆ ಕನ್ನಡಕ ಮಾಡಿಸಿಕೊಟ್ಟರು. ಎಡವಟ್ಟಾದದ್ದೇ ಅಲ್ಲಿ. ಕನ್ನಡಕ ಏರಿಸಿ ಕೂತವಳ ಕೈಯಿಂದ ಜೇಬುಗಳು ಒಂದರ ಹಿಂದೊಂದು ನೆಟ್ಟಗೆ ಬಂದವು. ಸೊಟ್ಟಗೆ ಗೆರೆ ಎಳೆದುಕೊಟ್ಟರೂ ಗೆರೆ ಬಿಟ್ಟು ನೆಟ್ಟಗೇ ಹೊಲಿದಳು. ನಾಯಿಬಾಲ ನೆಟ್ಟಗಾಗದೆಂದು ಕೇಳಿದ್ದೇವೆ. ನಮ್ಮ ದೊಡ್ಡಮ್ಮನದು ಡೊಂಕಾಗಲೊಲ್ಲದು.

ಕೊನೆಗೆ ಮಾಸ್ಟರ್ ತಲೆ ಕೆರೆದುಕೊಂಡು, ಕನ್ನಡಕ ತೆಗೆದು ಹೊಲಿಯಲು ಹೇಳಿದರು. ದೊಡ್ಡಮ್ಮನ ಮುಖ ಸಣ್ಣದಾಯಿತು.

"ಇಪ್ಪತ್ತೆರಡು ವರ್ಷ ನೆಟ್ಟಗೆ ಹೊಲ್ದೆ ಕಣೇ. ಯಾರು ಹೊಲ್ದಿದ್ದು ಅಂತ ಒಬ್ರೂ ಕೇಳ್ಲಿಲ್ಲ" ಅಂದಳು ನನಗೆ.

ಸದಾ ಅವಳನ್ನು ಆಡಿಕೊಳ್ಳುವ ನಾನು ಅವತ್ತು ಅವಳು ಕರೆಯುವ ಮೊದಲೇ ದಾರ ಪೋಣಿಸಿಕೊಟ್ಟೆ.

ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೂರು ಸಾವಿರವನ್ನೂ ಸೊಟ್ಟಗೆ ಹೊಲಿದು ಮುಗಿಸಿದಳು. ಮಿಷನ್ ಉಳಿಯಿತು. ಡಿಸೈನರ್ ಆ ಮುಖಪುಟಕ್ಕೆ ಕಟ್ಟು ಹಾಕಿಸಿ ಅವಳಿಗೆ ಉಡುಗೊರೆ ಕೊಟ್ಟ. ನಮ್ಮ ನಡುಮನೆಯ ಗೋಡೆಗೆ ಅದನ್ನು ತೂಗುಹಾಕಿದವಳು ಅವಳೇ. ಅಲುಗಾಡದಿರಲೆಂದು ಒಂದಲ್ಲ, ಎರಡು ಮೊಳೆ ಹೊಡೆದಿದ್ದಾಳೆ. ಪಟ ಪೂರಾ ಬಲಕ್ಕೆ ವಾಲಿದೆ. ಪಾಪ, ಗಾಯಕಿ ಗಿಟಾರ್ ಸಮೇತ ಬೀಳುವ ಹಾಗಿದ್ದಾಳೆ. ಬಂದವರೆಲ್ಲ ಸರಿಮಾಡಲು ಕೈಹಾಕುತ್ತಾರೆ. ಆಗ ದೊಡ್ಡಮ್ಮ ಮೂಗಿಗೆ ಕನ್ನಡಕ ಏರಿಸುತ್ತಾ ಒಳಗಿನಿಂದ ಓಡಿಬರುತ್ತಾಳೆ.

"ಮುಟ್ಬೇಡಿ. ಜೇಬು ಈಗ ನೆಟ್ಟಗಿದೆ."