ಆ ವರ್ಷದ ಐದನೆಯ ನಾಣ್ಯ

ಮೊನ್ನೆ ಭಾನುವಾರ ಮಗಳು ಬಾಲ್ಕನಿಯಲ್ಲಿ ಕೂತು ಉಗುರಿನ ಬಣ್ಣ ತೆಗೆಯುತ್ತಿದ್ದಳು. ಆ ಬಾಟಲಿಯ ವಾಸನೆ ಅಡುಗೆಮನೆಯವರೆಗೂ ಬಂತು. ಸೀದಾ ನೆತ್ತಿಗೇರುವ ಅಸಿಟೋನ್ ವಾಸನೆ. ಒಲೆಯ ಮೇಲೆ ಹಾಲಿಟ್ಟದ್ದೇ ಮರೆತುಹೋಯಿತು.

"ಮಮ್ಮಾ, ಹಾಲು ಉಕ್ತಿದೆ! ಕ್ಯಾ ಹುವಾ?" ಎಂದು ಮಗಳು ಓಡಿಬಂದಳು. ದಿಲ್ಲಿ ಪಕ್ಕದ ಫರೀದಾಬಾದಿನಲ್ಲೇ ಹುಟ್ಟಿ ಬೆಳೆದವಳು, ಬಾಯಲ್ಲಿ ಅರ್ಧ ಹಿಂದಿ, ಅರ್ಧ ಕನ್ನಡ ಬರುತ್ತದೆ. "ಏನಿಲ್ಲ ಪುಟ್ಟಾ" ಎಂದೆ. ಉಗುರಿನ ಬಣ್ಣ ತೆಗೆಯುವ ನೀರಿಗೆ ಹೆದರುವ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ನಾನು ಹುಟ್ಟಾ ಪುಕ್ಕಲಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಟಾಕಿ, ಹಲ್ಲಿ, ಲಿಫ್ಟು, ದೊಡ್ಡ ದನಿಯಲ್ಲಿ ಮಾತಾಡುವವರು, ಎಲ್ಲಕ್ಕೂ ಹೆದರುವವಳು. ಅಂಥವಳು ಐಎಎಸ್ ಓದುತ್ತೇನೆಂದು ದಾವಣಗೆರೆಯಿಂದ ದಿಲ್ಲಿಗೆ ಹೊರಟಾಗ ನಮ್ಮಣ್ಣ, "ಜಿಲ್ಲೆ ಆಳ್ತಾಳಂತೆ, ಜಿರಳೆ ಕಂಡ್ರೆ ಮಂಚ ಹತ್ತೋಳು!" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

ಓಲ್ಡ್ ರಾಜಿಂದರ್ ನಗರದಲ್ಲಿ ನನಗೆ ಕೋಣೆ ಕೊಟ್ಟವರು ಕನ್ನಡದವರೇ ಆದ ಒಬ್ಬ ಮೇಡಂ. ದಿಲ್ಲಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು, ಒಂಟಿ ಜೀವ. ಎರಡನೇ ಮಹಡಿಯಲ್ಲಿ ಎರಡು ಕೋಣೆ ತಮಗಿಟ್ಟುಕೊಂಡು, ಮೂರನೆಯದನ್ನು ನನಗೂ ಪಟ್ನಾದ ಇನ್ನೊಬ್ಬ ಹುಡುಗಿಗೂ ಬಾಡಿಗೆಗೆ ಬಿಟ್ಟಿದ್ದರು. ಅವರಿಗೆ ಹಳೇ ನಾಣ್ಯಗಳ ಹುಚ್ಚು. ಅದರಲ್ಲೂ ರೋಮ್ ಬಿದ್ದ ಮೇಲೆಯೂ ಪೂರ್ವದಲ್ಲಿ ಸಾವಿರ ವರ್ಷ ಉಳಿದುಕೊಂಡಿದ್ದ ಬೈಜಾಂಟಿಯಮ್ ಸಾಮ್ರಾಜ್ಯದ ನಾಣ್ಯಗಳೆಂದರೆ ಪ್ರಾಣ. ಹೊಸದಾಗಿ ಕೊಂಡದ್ದನ್ನು ಗಾಜಿನ ಬಟ್ಟಲಲ್ಲಿ ಅಸಿಟೋನ್ ಹಾಕಿ ನೆನೆಸುತ್ತಿದ್ದರು. ಹಳೇ ಕೈಗಳ ಜಿಡ್ಡು ಬಿಡುತ್ತದೆ, ನಾಣ್ಯಕ್ಕೆ ನೋವಾಗುವುದಿಲ್ಲ ಎನ್ನುವರು. ಮನೆಯೆಲ್ಲ ಅದೇ ವಾಸನೆ.

ಪ್ರತಿ ವರ್ಷ ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಹಬ್ಬ. ಚಿತ್ರಾನ್ನ, ಫಿಲ್ಟರ್ ಕಾಫಿ ಮಾಡಿ, ಊಟ ಮುಗಿದ ಮೇಲೆ ಕಿಟಕಿಯ ಬಿಸಿಲಿಗೆ ಚಾಪೆ ಹಾಕಿ, ಮೇಲೆ ದಪ್ಪನೆಯ ಉಣ್ಣೆಯ ಶಾಲು ಹಾಸುವರು. ಆ ವರ್ಷ ಕೊಂಡವುಗಳಲ್ಲಿ ಮನಸ್ಸಿಗೆ ಅತಿ ಹಿಡಿಸಿದ ಐದನ್ನು ಒಂದೊಂದಾಗಿ ಅದರ ಮೇಲಿಡುವರು. ನೋಡುವವರು ಕೈ ತೊಳೆದಿರಬೇಕು, ಉಂಗುರ ತೆಗೆದಿರಬೇಕು. ಅಂಚಿನಲ್ಲಷ್ಟೇ ಹಿಡಿಯಬೇಕು, ಶಾಲಿನ ಆಚೆ ಕೈ ಹೋಗಬಾರದು.

ನಾನು ಹೋದ ಮೊದಲ ವರ್ಷ ತಾವು ಎಂದೋ ಕೊಂಡಿದ್ದ ಒಂದು ದೊಡ್ಡ ತಾಮ್ರದ ನಾಣ್ಯವನ್ನೂ ತೆಗೆದು ತೋರಿಸಿದರು. ಬೈಜಾಂಟಿಯಮ್‌ನದು. ಒಂದು ಕಡೆ ಕೆನ್ನೆಯಲ್ಲಿ ಗೀರು ಬಿದ್ದ ಚಕ್ರವರ್ತಿಯ ಮುಖ, ಇನ್ನೊಂದು ಕಡೆ ಎಂ ಅಕ್ಷರ. ಅದರ ಪಕ್ಕ ಅಂಚಿನಲ್ಲಿ ಇಲಿ ಕಡಿದಂಥ ಒಂದು ಕಚ್ಚು. "ಹಿಡ್ಕೊಳೇ" ಎಂದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಬೇಡ ಮೇಡಂ, ಬಿದ್ದುಬಿಟ್ರೆ?"

"ಇಷ್ಟು ಶತಮಾನ ಬದುಕಿರೋದು ನಿನ್ನ ಕೈಯಿಂದ ಬಿದ್ರೆ ಸಾಯಲ್ಲ ಕಣೇ" ಎಂದು ನಕ್ಕರು. ಆದರೂ ನಾನು ಮುಟ್ಟಲಿಲ್ಲ.

ಅದೇ ಚಳಿಗಾಲದಲ್ಲಿ ಒಮ್ಮೆ ನನ್ನೊಬ್ಬಳನ್ನೇ ಅಡುಗೆಮನೆಗೆ ಕರೆದು, ನಾಣ್ಯದ ಕಪಾಟಿನ ಕೀಲಿಕೈ ಅಕ್ಕಿ ಡಬ್ಬದ ತಳದಲ್ಲಿರುತ್ತದೆ ಎಂದು ತೋರಿಸಿದ್ದರು. "ನನಗೇನಾದ್ರೂ ಆದ್ರೆ ಯಾರಿಗಾದ್ರೂ ಗೊತ್ತಿರ್ಬೇಕಲ್ಲ" ಎಂದಿದ್ದರು. ನನಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆಯೇ ಆಮೇಲೆ ಕೊರಳಿಗೆ ಸುತ್ತಿಕೊಂಡಿತು.

ಮರುವರ್ಷದ ಭಾನುವಾರ... ಹೊರಗೆ ಮಂಜೂ ಹೊಗೆಯೂ ಕಲಸಿಕೊಂಡು ಬಿಸಿಲಿಗೆ ಬಣ್ಣವೇ ಇರಲಿಲ್ಲ. ಮೇಡಂ ಮಾತ್ರ ಇಳಕಲ್ ಸೀರೆ ಉಟ್ಟು ಖುಷಿಯಲ್ಲಿದ್ದರು. ಮೊದಲು ಹಡಗಿನ ಚಿತ್ರವಿದ್ದ ಸಾತವಾಹನರ ಸೀಸದ ನಾಣ್ಯ ಇಟ್ಟರು. ಆಮೇಲೆ ಮೂಗು ಸವೆದ ದೊರೆಯ ರೋಮನ್ ಬೆಳ್ಳಿ. ಆಮೇಲೆ ದೊನ್ನೆಯಂತೆ ಬಾಗಿದ, ತೆಳುವಾದ ಬೈಜಾಂಟಿಯಮ್ ನಾಣ್ಯ. ನಾಲ್ಕನೆಯದು ಚಿನ್ನ. ಚಕ್ರವರ್ತಿಯ ತಲೆಯ ಮೇಲೆ ಎರಡು ತೂತು.

"ಇಂಥವು ನಮ್ಮ ಹಾವೇರಿ ಕಡೆ ಮಣ್ಣಲ್ಲೂ ಸಿಕ್ಕಿವೆ. ವ್ಯಾಪಾರಕ್ಕೆ ಬಂದದ್ದನ್ನ ನಮ್ಮವಳು ಯಾವಳೋ ತೂತು ಹೊಡೆಸಿ ಸರಕ್ಕೆ ಪೋಣಿಸಿದ್ದಾಳೆ ನೋಡು. ಚಕ್ರವರ್ತಿನೇ ಕೊರಳಿಗೆ ಕಟ್ಕೊಂಡ್ಳು. ನಿನ್ನ ಥರ ಪುಕ್ಕಲಿ ಅಲ್ಲ ಅವಳು" ಎಂದು ನನ್ನ ಮೊಣಕೈ ತಿವಿದರು. ಪಟ್ನಾದ ಹುಡುಗಿ ಅರ್ಥವಾಗದಿದ್ದರೂ ನಕ್ಕಳು.

ಐದನೆಯದು ಒಂದು ದೊಡ್ಡ ತಾಮ್ರದ ನಾಣ್ಯ, ಎಂ ಅಕ್ಷರದ್ದು. ಹದಿನೈದು ದಿನದ ಕೆಳಗೆ ದರಿಯಾಗಂಜ್‌ನ ಅಂಗಡಿಯಿಂದ ತಂದದ್ದಂತೆ. "ಇದರ ಅಣ್ಣ ನನ್ನ ಹತ್ರ ಮೊದಲೇ ಇದ್ದಾನೆ, ತಡಿ" ಎಂದು ಕಪಾಟಿನಿಂದ ಹಳೆಯದನ್ನು ತಂದು ಪಕ್ಕದಲ್ಲಿಟ್ಟರು. ಇಟ್ಟವರು ಹಾಗೇ ಬಗ್ಗಿ ಕೂತರು. ನಗು ನಿಂತುಹೋಯಿತು.

ಎರಡರಲ್ಲೂ ಅದೇ ಕಚ್ಚು, ಇಲಿ ಕಡಿದಂಥದ್ದು. ಚಕ್ರವರ್ತಿಯ ಕೆನ್ನೆಯ ಗೀರೂ ಅದೇ.

"ಒಂದೇ ಥರ ಇದ್ರೆ ಒಳ್ಳೇದಲ್ವಾ ಮೇಡಂ?" ಎಂದು ಪೆದ್ದಿಯಂತೆ ಕೇಳಿದೆ.

"ಇವನ್ನ ಕೈಯಲ್ಲಿ ಸುತ್ತಿಗೆ ಹೊಡೆದು ಮಾಡ್ತಿದ್ರು. ಎರಡು ನಾಣ್ಯ ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ" ಎಂದರು. ಅವರ ದನಿ ಸಣ್ಣಗಾಗಿತ್ತು. "ಯಾರೋ ನನ್ನ ನಾಣ್ಯ ತಗೊಂಡು ಹೋಗಿ ಅಚ್ಚು ತೆಗೆದು, ಲೋಹ ಹುಯ್ದು ಇದನ್ನ ಮಾಡಿ ಮಾರಿದ್ದಾರೆ, ನನ್ನದನ್ನ ವಾಪಸ್ ಇಟ್ಟಿದ್ದಾರೆ. ಕಪಾಟಿಗೆ ಬೀಗ ಇತ್ತು."

ಕೀಲಿಕೈ ಎಲ್ಲಿದೆಯೆಂದು ಬಲ್ಲವರು ಇಬ್ಬರೇ. ಅವರು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ವಾಸಿಯಿತ್ತು. ಕದ್ದವಳ ಮುಖ ಹೇಗಿರುತ್ತದೋ ನನ್ನ ಮುಖವೂ ಆಗ ಹಾಗೇ ಇದ್ದಿರಬೇಕು.

ಆಮೇಲಿನ ದಿನಗಳಲ್ಲಿ ಮೇಡಂ ಅಕ್ಕಿ ಡಬ್ಬದ ಜಾಗ ಬದಲಿಸಿದರು. ಕಪಾಟಿನ ಹಿಡಿಗೆ ದಾರ ಕಟ್ಟಿದರು. ನಾನು ಮಾಡಿಕೊಟ್ಟ ಕಾಫಿ ಕುಡಿಯದೆ ಸಿಂಕಿಗೆ ಚೆಲ್ಲಿದ್ದನ್ನು ಕಣ್ಣಾರೆ ಕಂಡೆ. ಬೈದಿದ್ದರೆ ನಾನೂ ಅತ್ತು ಕೂಗಾಡಿ, ನಾನಲ್ಲ ಎನ್ನಬಹುದಿತ್ತು. ಕೇಳದೇ ಇರುವವರಿಗೆ ಏನು ಹೇಳುವುದು? ಕೆಳಗೆ ಪೊಲೀಸ್ ಜೀಪು ಹೋದರೆ ಪುಸ್ತಕ ಮುಚ್ಚಿಡುತ್ತಿದ್ದೆ. ಪರೀಕ್ಷೆ ಪಾಸಾಗದಿದ್ದರೆ ಊರಿಗೆ ಹೋಗಿ ಮೇಷ್ಟರ ಕೆಲಸವಾದರೂ ಮಾಡಬಹುದು, ಕಳ್ಳಿ ಎಂದು ಠಾಣೆಯಲ್ಲಿ ಹೆಸರು ಬಂದರೆ ಅಪ್ಪನ ಮುಂದೆ ನಿಲ್ಲುವುದು ಹೇಗೆ? "ಭಾಗ್ ಜಾ ಯಾರ್" ಎಂದಳು ಪಟ್ನಾದವಳು, ಲಕ್ಷ್ಮೀ ನಗರದಲ್ಲಿ ರೂಮು ಸಿಗುತ್ತದಂತೆ. ಓಡಿಹೋದರೆ ಕದ್ದಂತೆಯೇ ಆಗುತ್ತದಲ್ಲ ಎಂದು ಅದಕ್ಕೂ ಹೆದರಿದೆ.

ಕೊನೆಗೆ ಒಂದು ಬೆಳಿಗ್ಗೆ ಮೇಡಂ ಬಾಗಿಲಲ್ಲಿ ಬಂದು ನಿಂತರು. "ದರಿಯಾಗಂಜ್‌ಗೆ ಹೋಗಿ ಕೇಳ್ತೀನಿ, ಇದನ್ನ ತಂದುಕೊಟ್ಟೋರು ಯಾರು ಅಂತ. ನೀನೂ ಬಾ" ಎಂದರು. ಗುರುತು ಹಿಡಿಸಲು ಕರೆದೊಯ್ಯುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ತಪ್ಪೇ ಮಾಡದ ನನಗೆ, ಅಂಗಡಿಯವನು ಇವಳೇ ಎಂದುಬಿಟ್ಟರೆ ಎಂಬ ಹೆದರಿಕೆ. ಆಟೋದಲ್ಲಿ ನಮ್ಮಿಬ್ಬರ ನಡುವೆ ಅವರ ಚೀಲವಿತ್ತು. ದಾರಿಯುದ್ದಕ್ಕೂ ಅದನ್ನು ಒತ್ತಿ ಹಿಡಿದುಕೊಂಡಿದ್ದರು.

ಅಂಗಡಿಯವರು ಬಿಳಿಗಡ್ಡದ ಮುದುಕರು. ಮೇಡಂ ನಾಣ್ಯವನ್ನು ಗಾಜಿನ ಮೇಲಿಟ್ಟು, ಇದು ಯಾರಿಂದ ಬಂತು ಎಂದು ಕೇಳಿದರು. ಅವರು ನಾಣ್ಯವನ್ನೂ ಮೇಡಂರನ್ನೂ ನೋಡಿ, ತಮಾಷೆ ಇರಬಹುದೆಂದು ಸ್ವಲ್ಪ ನಕ್ಕರು.

"ಮೇಡಂಜೀ, ಆಪ್ ಹೀ ನೇ ತೋ ಬನ್‌ವಾಯಾ ಥಾ..."

ನೀವೇ ಮಾಡಿಸಿದ್ದಲ್ಲವೇ ಎಂದರು. ಹೋದ ಚಳಿಗಾಲದಲ್ಲಿ ನೀವೇ ಅಸಲಿ ನಾಣ್ಯ ತಂದುಕೊಟ್ಟಿರಿ, ಅಚ್ಚು ತೆಗೆಸಿ ಒಂದು ನಕಲು ಮಾಡಿಸಿಕೊಡಿ ಎಂದಿರಿ. ಅಸಲಿಯನ್ನು ಆಗಲೇ ತೆಗೆದುಕೊಂಡು ಹೋದಿರಿ, ನಕಲು ತಡವಾಯಿತು, ಮೊನ್ನೆ ಬೇರೆ ನಾಣ್ಯಗಳ ಜೊತೆ ಪೊಟ್ಟಣದಲ್ಲಿ ಹಾಕಿಕೊಟ್ಟೆ. ಅಷ್ಟು ಹೇಳಿ ಮುದುಕರು, ಆಗ ಮೇಡಂ ಆಡಿದ್ದ ಇನ್ನೊಂದು ಮಾತನ್ನೂ ಸೇರಿಸಿದರು. ನಮ್ಮ ಮನೆಯಲ್ಲೊಬ್ಬಳು ಹುಡುಗಿಯಿದ್ದಾಳೆ, ಬಿದ್ದೀತೆಂದು ನಾಣ್ಯ ಮುಟ್ಟುವುದಕ್ಕೇ ಹೆದರುತ್ತಾಳೆ, ಬೀಳಿಸಿದರೂ ಪರವಾಗಿಲ್ಲ ಎನ್ನುವಂಥದ್ದೊಂದು ಅವಳಿಗೆ ಬೇಕು, ಎಂದಿದ್ದಿರಿ.

ಮೇಡಂ ಗಾಜಿನ ಮೇಲೆ ಎರಡೂ ಅಂಗೈ ಊರಿ ನಿಂತರು. ನೆನಪು ಮಾಡಿಕೊಳ್ಳಲು ಎಷ್ಟು ಕಷ್ಟಪಟ್ಟರೆಂದರೆ... ಆ ಮುಖ ನೋಡಲಾರದೆ ನಾನು ರಸ್ತೆಯ ಕಡೆ ತಿರುಗಿದೆ. ನನ್ನ ಮೇಲಿನ ಕಳ್ಳತನದ ಅಪವಾದ ಇಳಿದುಹೋಗಿತ್ತು. ಸಂತೋಷವಾಗಬೇಕಿತ್ತು, ಆಗಲಿಲ್ಲ.

ಆಟೋದಲ್ಲಿ ಬರುವಾಗ ಮೇಡಂ, "ಕಳ್ಳ ಸಿಕ್ಕ ಕಣೇ" ಎಂದು ತಮ್ಮ ಹಣೆ ಮುಟ್ಟಿಕೊಂಡರು. "ಅಚ್ಚು ಹುಯ್ದದ್ದನ್ನ ಮೊದಲ ನೋಟಕ್ಕೇ ಹಿಡೀಬೇಕಿತ್ತು ನಾನು. ವರ್ಷದ ಐದರಲ್ಲಿ ಇಟ್ಟೆನಲ್ಲೇ... ನಂಗೆ ಹೆದರಿಕೆ ಆಗ್ತಿದೆ." ಅವರ ಬಾಯಲ್ಲಿ ಆ ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಚೀಲವನ್ನು ಕಾಲಬಳಿ ಇಳಿಸಿ ನಾನು ಅವರ ಕೈ ಹಿಡಿದುಕೊಂಡೆ.

ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಆ ತಾಮ್ರದ ತುಂಡನ್ನು ನನ್ನ ಅಂಗೈಗೆ ಒತ್ತಿದರು. "ಯಾವುದು ನಕಲಿ ಅಂತ ನಂಗೆ ನೆನಪಿರುವಾಗಲೇ ತಗೋ. ಬೀಳ್ಸು ನೋಡೋಣ" ಎಂದರು. ನಾನು ಆಗುವುದಿಲ್ಲವೆಂದು ತಲೆಯಾಡಿಸಿದೆ. "ಥೂ ಪುಕ್ಕಲಿ" ಎಂದು ಕಣ್ಣೊರೆಸಿಕೊಂಡು ನಕ್ಕರು.

ಮತ್ತೆ ಆ ಭಾನುವಾರ ಬರಲಿಲ್ಲ. ಒಲೆ ಆರಿಸಲು ಮರೆತರು, ಮನೆಯ ದಾರಿ ಮರೆತು ಕರೋಲ್ ಬಾಗ್‌ನಲ್ಲಿ ನಿಂತರು. ಗುರುಗ್ರಾಮದಿಂದ ಅವರ ಅಕ್ಕನ ಮಗಳು ಬಂದು ಕರೆದುಕೊಂಡು ಹೋದಳು. ಕಪಾಟೂ ಹೋಯಿತು. ಒಮ್ಮೆ ನೋಡಲು ಹೋಗಿದ್ದೆ. ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ. ಹತ್ತಿರ ಕೂತ ನನ್ನ ಬೆರಳುಗಳನ್ನೇ ನೋಡಿ, "ಕೈ ತೊಳ್ಕೊಂಡಿದೀಯಾ?" ಎಂದು ಕೇಳಿದರು. ಹೂಂ ಮೇಡಂ ಎಂದೆ. ಮುಂದಿನ ಚಳಿಗಾಲವನ್ನು ಅವರು ದಾಟಲಿಲ್ಲ. ಅವರಿಲ್ಲದ ಈ ದಿಲ್ಲಿಯಲ್ಲಿ ಇಷ್ಟು ವರ್ಷ ಕಳೆದರೂ ಅಸಿಟೋನ್ ವಾಸನೆಗೆ ಮೊದಲು ಬರುವುದು ಹೆದರಿಕೆ, ಆಮೇಲೆ ಅಳು.

ಮೊನ್ನೆ ಉಕ್ಕಿದ ಹಾಲು ಒರೆಸಿ, ಬೀರುವಿನಿಂದ ಆ ನಾಣ್ಯ ತೆಗೆದೆ. ಈಚೆಗೆ ಹಾಲು ಮರೆತರೂ ನನಗೆ ಒಳಗೊಳಗೇ ನಡುಕ ಹುಟ್ಟುತ್ತದೆ. ಅದನ್ನು ಮಗಳಿಗೆ ಹೇಳಲಿಲ್ಲ. ಹಾಸಿಗೆಯ ಮೇಲೆ ಶಾಲು ಹಾಸಿದೆ, ಕೈ ತೊಳೆದು ಬಾ ಎಂದೆ.

"ಅಸ್ಲಿ ಹೈ ಕ್ಯಾ, ಮಮ್ಮಾ?"

"ಅಲ್ಲ, ನಕಲಿ."

"ತೋ ಫಿರ್ ಶಾಲು ಯಾಕೆ? ಬಿದ್ರೆ ಬೀಳ್ಲಿ!"

ನಿಜ, ಬಿದ್ದರೆ ಬೀಳಲಿ ಎಂದೇ ನನಗಾಗಿ ಮಾಡಿಸಿದ್ದು. ಆದರೆ ಅದನ್ನು ಒಮ್ಮೆಯಾದರೂ ಬೀಳಿಸುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.