ಎಲ್ಲರಿಗೂ ಕಳಿಸಿದ ಮಾಫಿ

ಆ ಸಂದೇಶದಲ್ಲಿ ಮೂವತ್ತೆಂಟು ಪದಗಳಿದ್ದವು. ಮೊದಲ ಕರಡಿನಲ್ಲಿ ಐವತ್ತೆರಡು. 'ತಿಳಿದೋ ತಿಳಿಯದೆಯೋ' ಎಂಬುದರ ಮುಂದೆ ಒಂದು ಅಲ್ಪವಿರಾಮ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ರಂಜಾನಿನ ಮೊದಲ ದಿನ ನಸುಕಿನ ಸಹರಿಯ ಊಟ ಮುಗಿಸಿ, ಹಲ್ಲುಜ್ಜಿ, ಬೆಳಗಿನ ಅಜಾನ್ ಆಗುವುದರೊಳಗೆ ಅದನ್ನು ನನ್ನ ಫೋನಿನಲ್ಲಿದ್ದ ಇನ್ನೂರ ಹದಿನಾಲ್ಕು ಜನರಿಗೂ ಒಟ್ಟಿಗೆ ಕಳಿಸಿದೆ. ನನ್ನಿಂದ ನೋವಾಗಿದ್ದರೆ ಕ್ಷಮಿಸಿ, ದೇವರ ಕರುಣೆ ನಮ್ಮೆಲ್ಲರ ಮೇಲಿರಲಿ ಎಂಬುದು ಅದರ ಸಾರಾಂಶ.

ಉಪವಾಸದ ತಿಂಗಳು ಶುರುವಾಗುವಾಗ ಹೀಗೆ ಮಾಫಿ ಕೇಳುವುದು ನಮ್ಮಲ್ಲಿ ರೂಢಿ. ಹಿಂದೆ ಜನ ಮನೆಮನೆಗೆ ಹೋಗಿ ಕೇಳುತ್ತಿದ್ದರಂತೆ. ಈಗ ಗುಲಾಬಿ ಹೂವಿನ ಚಿತ್ರದ ಕೆಳಗೆ ಯಾರೋ ಬರೆದದ್ದನ್ನು ಮುಂದಕ್ಕೆ ಕಳಿಸುತ್ತಾರೆ. ನಾನು ಎಂ.ಎ. ಮಾಡಿದವಳು, ಆದ್ದರಿಂದ ಗುಲಾಬಿ ಇಲ್ಲದೆ ಕಳಿಸಿದೆ.

ತಿಂಗಳ ಮೊದಲ ಹತ್ತು ದಿನ ರಹಮತ್ತಿನದು, ಅಂದರೆ ದೇವರ ಕರುಣೆಯದು ಎನ್ನುತ್ತಾರೆ ಹಿರಿಯರು. ಆ ಹತ್ತು ದಿನಕ್ಕಾಗಿ ನಾನು ಒಂದು ವೇಳಾಪಟ್ಟಿ ಮಾಡಿದ್ದೆ. ಬೆಳಗಿನ ಪ್ರಾರ್ಥನೆಯ ನಂತರ ಇಷ್ಟು, ಬಸ್ಸಿನಲ್ಲಿ ಇಷ್ಟು, ಕಾಲೇಜಿನ ಊಟದ ಬಿಡುವಿನಲ್ಲಿ ಇಷ್ಟು ಸಲ ಕರುಣೆ ಬೇಡುವುದು. ಬೆರಳಿಗೆ ಉಂಗುರದಂತೆ ಹಾಕಿಕೊಂಡು ಒತ್ತಿದರೆ ಸಂಖ್ಯೆ ತೋರಿಸುವ ಚಿಕ್ಕ ಯಂತ್ರ ತರಿಸಿಕೊಂಡಿದ್ದೆ. ದೇವರಿಗೆ ಲೆಕ್ಕ ತಪ್ಪಬಾರದು ಎಂಬ ಕಾಳಜಿ ನನ್ನದು.

ಸಂದೇಶ ಕಳಿಸಿದ ಮೇಲೆ ಬಂದ ಮೊದಲ ಕರೆ ಸಿಂಧನೂರಿನ ನಮ್ಮ ಟೇಲರ್ ಅವರದು. ಆಗಿನ್ನೂ ಏಳು ಗಂಟೆ.

"ಮೇಡಮ್ರೀ, ಏನಾತ್ರಿ? ಆ ಹಸಿರು ಚೂಡಿದಾರ ಬ್ಯಾರೆ ಕಡಿ ಹೊಲಿಸೀರೇನು?"

"ಹಂಗೇನಿಲ್ರೀ, ಎಲ್ಲರಿಗೂ ಕಳಿಸಿದ್ದದು."

"ಹೊಲಿಸಿದ್ರ ಹೇಳಿಬಿಡ್ರಿ, ನಾ ಏನೂ ಅನ್ನಂಗಿಲ್ಲ. ಮಾಫಿ ಕೇಳೀರಿ ಅಂದ್ರ ಏನರ ಇರ್ತೈತಿ."

ಹೊಲಿಸಿದ್ದೆ. ಹೇಳಲಿಲ್ಲ. ರೋಜಾ, ಅಂದರೆ ಉಪವಾಸ, ಹಿಡಿದು ಎರಡು ಗಂಟೆಯಾಗಿತ್ತು, ಅಷ್ಟರಲ್ಲೇ ಒಂದು ಸುಳ್ಳು.

ನಾನು ದಿನಾ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿನ ಕಾಲೇಜೊಂದಕ್ಕೆ ಇತಿಹಾಸ ಪಾಠ ಮಾಡಲು ಹೋಗುತ್ತೇನೆ. ಅಂದು ಸ್ಟಾಫ್ ರೂಮಿಗೆ ಕಾಲಿಟ್ಟಾಗ ಪಕ್ಕದ ಮೇಜಿನ ಕನ್ನಡ ಮೇಡಂ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಕೂತಿದ್ದರು. ಅವರು ಗುರುಗುಂಟಾದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಮೌನವನ್ನು ರೋಗ ಎಂದು ತಿಳಿದವರು.

"ಬಾರವ್ವ. ತಿಳಿದೋ ತಿಳಿಯದೆಯೋ ಅಂತ ಬರದಿ. ತಿಳಿದು ಮಾಡಿದ್ದು ಯಾವ್ದು, ತಿಳೀದೆ ಮಾಡಿದ್ದು ಯಾವ್ದು, ಬ್ಯಾರೆ ಬ್ಯಾರೆ ಬರದು ಕೊಡು. ನಾ ನೋಡಿ ಮಾಫ್ ಮಾಡ್ತೀನಿ."

"ನಿಮಗೇನೂ ಮಾಡಿಲ್ರೀ ನಾನು."

"ಮತ್ತ ನನ್ನ ಮೆತ್ತನ ಕುರ್ಚಿ ತಗೊಂಡು ಮುರುಕು ಕುರ್ಚಿ ಇಟ್ಟಾಕಿ ಯಾರು?"

ಸ್ಟಾಫ್ ರೂಮು ನಕ್ಕಿತು. ನಾನೂ ನಕ್ಕೆ. ಕುರ್ಚಿ ಬದಲಿಸಿದ್ದು ನಾನಲ್ಲ. ಆದರೆ ಮಾಡದ ತಪ್ಪಿಗೆ ಮಾಫಿ ಕೇಳುವುದು ಎಷ್ಟು ಸುಲಭ ಎಂದು ಆಗ ಹೊಳೆಯಿತು. "ತಪ್ಪಾತ್ರಿ" ಎಂದು ಥಟ್ಟನೆ ಅಂದುಬಿಟ್ಟೆ. ಮಾಡಿದ ತಪ್ಪೊಂದಿತ್ತು. ಅದರ ಹೆಸರು ಆ ಮೂವತ್ತೆಂಟು ಪದಗಳಲ್ಲಿ ಎಲ್ಲೂ ಇರಲಿಲ್ಲ.

ಅದು ಮಸ್ಕಿಯಲ್ಲಿರುವ ನನ್ನ ಖಾಲಾಗೆ, ಅಂದರೆ ಅಮ್ಮಿಯ ಅಕ್ಕನಿಗೆ ಮಾಡಿದ್ದು. ಪಿಯುಸಿಯ ಎರಡು ವರ್ಷ ನಾನು ಅವಳ ಮನೆಯಲ್ಲಿದ್ದು ಓದಿದೆ. ನನಗೆ ಕುರಾನ್ ಓದಲು ಕಲಿಸಿದವಳೂ ಅವಳೇ. ನಮ್ಮ ಮನೆಮಾತು ಉರ್ದು. ಖಾಲಾ ಮದುವೆಯಾಗಿ ಹೋದ ಓಣಿಯಲ್ಲಿ ಸುತ್ತಮುತ್ತ ಕನ್ನಡದವರೇ ಇದ್ದುದರಿಂದ ಸಿಟ್ಟು, ತಮಾಷೆ, ಕಥೆ ಮೂರೂ ಅವಳಿಗೆ ಕನ್ನಡದಲ್ಲೇ ಬರುತ್ತವೆ. ರಂಜಾನಿನ ಶುಕ್ರವಾರಗಳಂದು ಮನೆಗೆಲಸ ಮುಗಿಸಿದ ಓಣಿಯ ಆರು ಹೆಂಗಸರು ಅವಳ ಪಡಸಾಲೆಯಲ್ಲಿ ಸೇರುತ್ತಿದ್ದರು. ಖಾಲಾ ಸ್ವಲ್ಪ ಓದುತ್ತಿದ್ದಳು, ಆಮೇಲೆ ಒಂದು ಕಥೆ ಹೇಳುತ್ತಿದ್ದಳು. ಹೆಂಗಸರು ಬರುತ್ತಿದ್ದುದು ಕಥೆಗೆ.

ಹೋದ ವರ್ಷ ಮೊದಲ ಶುಕ್ರವಾರ ನಾನೂ ಅಲ್ಲಿ ಕೂತಿದ್ದೆ. ರಹಮತ್ತು ಈ ತಿಂಗಳು ಮನೆಮನೆಗೆ ಬರುತ್ತದೆ ಎಂದು ಖಾಲಾ ಹೇಳುತ್ತಿದ್ದಳು. ಬಾಗಿಲಲ್ಲಿ ನಿಂತು ಒಳಗೆ ಯಾರಾದರೂ ಯಾರ ಮೇಲಾದರೂ ಮುನಿಸು ಇಟ್ಟುಕೊಂಡಿದ್ದಾರೆಯೇ ಎಂದು ಇಣುಕಿ ನೋಡುತ್ತದಂತೆ. ಇಟ್ಟುಕೊಂಡಿದ್ದರೆ ಚಪ್ಪಲಿ ಬಿಡುವುದಿಲ್ಲವಂತೆ, ಹಾಗೇ ಮುಂದಿನ ಮನೆಗೆ ಹೋಗುತ್ತದಂತೆ. ಒಬ್ಬ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ನಾನು ಕೇಳಿದೆ: "ಖಾಲಾ, ಇದು ಯಾವ ಕಿತಾಬಿನ್ಯಾಗೈತಿ?"

ಆ ವರ್ಷವಷ್ಟೇ ನಾನು ಎಂ.ಎ. ಮುಗಿಸಿದ್ದೆ. ಅಡಿಟಿಪ್ಪಣಿ ಇಲ್ಲದ ವಾಕ್ಯ ಕಂಡರೆ ಮೈ ಪರಚಿಕೊಳ್ಳುವ ಕಾಲ.

ಖಾಲಾ ನನ್ನ ಕಡೆ ತಿರುಗಿದಳು. "ಗೊತ್ತಿಲ್ಲವ್ವ. ನಮ್ಮವ್ವ ಹೇಳ್ತಿದ್ಲು. ನೀ ಓದಿದಾಕಿ, ನೀನೇ ಹೇಳು."

ಇದನ್ನು ಕೇಳಿ ಬೇರೆ ಯಾರಾದರೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನಾನು ಹೇಳಿದೆ. ಫೋನ್ ತೆಗೆದು, ಆಧಾರಸಹಿತ, ಇಪ್ಪತ್ತು ನಿಮಿಷ. ದುರ್ಬಲ ಆಧಾರ ಯಾವುದು, ಸಬಲ ಯಾವುದು ಎಂದು ವಿಂಗಡಿಸಿ, ಈ ಕಥೆಗೆ ಎರಡೂ ಇಲ್ಲ ಎಂದು ವಿವರಿಸಿದೆ. ಹೆಂಗಸರು ಮೊದಲು ನನ್ನನ್ನು, ಆಮೇಲೆ ಗೋಡೆಯನ್ನು, ಕೊನೆಗೆ ಗಡಿಯಾರವನ್ನು ನೋಡಿದರು. ಮುಂದಿನ ಶುಕ್ರವಾರ ಖಾಲಾ ಕಥೆ ಹೇಳಲಿಲ್ಲ, ಬರೀ ಓದಿದಳಂತೆ. ಅದರ ಮುಂದಿನ ಶುಕ್ರವಾರ ಇಬ್ಬರು ಬಂದರಂತೆ. ಆಮೇಲೆ ಯಾರೂ ಇಲ್ಲ.

ನಾನು ಸುಮ್ಮನೆ ಕೂರಲಿಲ್ಲ, ನನ್ನ ರೀತಿಯಲ್ಲಿ ಪಶ್ಚಾತ್ತಾಪಪಟ್ಟೆ. ಆ ಕಥೆಗೆ ಆಧಾರ ಹುಡುಕಿದೆ. ಇಬ್ಬರ ನಡುವೆ ಮುನಿಸಿದ್ದರೆ ಅವರು ರಾಜಿಯಾಗುವವರೆಗೆ ದೇವರು ಅವರ ಮಾಫಿಯನ್ನು ತಡೆದಿಟ್ಟಿರುತ್ತಾನೆ ಎಂಬ ಅರ್ಥದ ಪ್ರವಾದಿಯವರ ಮಾತು ನಿಜಕ್ಕೂ ಇತ್ತು, ಆಧಾರವೂ ಗಟ್ಟಿಯೇ. ಚಪ್ಪಲಿ ಮಾತ್ರ ಇರಲಿಲ್ಲ. ಇದನ್ನು ಬರೆದಿಟ್ಟುಕೊಂಡೆ, ಖಾಲಾಗೆ ಹೇಳಲಿಲ್ಲ. ಅವಳು ಸರಿ ಎಂದು ಪುಸ್ತಕ ನೋಡಿ ಅವಳಿಗೇ ತಿಳಿಸುವುದು ಮತ್ತೊಂದು ತಪ್ಪಾಗುತ್ತದೆ ಎನ್ನುವಷ್ಟು ಬುದ್ಧಿ ಬಂದಿತ್ತು. ಅದಕ್ಕಿಂತ ಹೆಚ್ಚು ಬಂದಿರಲಿಲ್ಲ. ವರ್ಷವಿಡೀ ಬಸ್ಸಿನಲ್ಲಿ ಖಾಲಾಳ ಓಣಿ ಕಾಣದ ಕಡೆಯ ಸೀಟು ಹಿಡಿಯುತ್ತ ಬಂದೆ.

ಮೊದಲ ರೋಜಾದ ಆ ಸಂಜೆ ಅಮ್ಮಿ ರೋಜಾ ಬಿಡುವ ಇಫ್ತಾರಿಗೆಂದು ಹಣ್ಣು ಹೆಚ್ಚುತ್ತಿದ್ದಾಗ ಖಾಲಾಳ ಫೋನ್ ಬಂತು. ಅಮ್ಮಿಯ ಕೈ ಅಂಟಾಗಿತ್ತು, ಸ್ಪೀಕರಿಗೆ ಹಾಕಿದಳು.

"ನಿನ್ನ ಮಗಳು ಮಾಫಿ ಕೇಳ್ಯಾಳ. ಬಾಜೂ ಮನಿ ಹುಡುಗಿ ಓದಿ ಹೇಳಿದ್ಲು. ಆಕಿಗೂ ಬಂದೈತಂತ, ಅದೇ ಮಾತು."

"ಮಾಫ್ ಮಾಡಿಬಿಡು ಆಪಾ. ಸಣ್ಣಾಕಿ."

"ಸಣ್ಣಾಕಿ ಏನಲ್ಲ, ಕಾಲೇಜಿನ್ಯಾಗ ಪಾಠ ಹೇಳ್ತಾಳ. ಊರಿಗೆಲ್ಲಾ ಹಂಚಿದ ಮಾಫಿಯೊಳಗ ನನ್ನ ಪಾಲಿಗೆ ಎಷ್ಟು ಬಂತು ಅಂತ ಕೇಳು ಆಕಿನ್ನ."

ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಖಾಲಾಗೂ ಗೊತ್ತಿತ್ತು. ಅಮ್ಮಿ ಮಾತು ಬದಲಿಸಿದಳು: "ನಾಳೆ ಶುಕ್ರವಾರ. ಹೆಣ್ಮಕ್ಕಳು ಬರ್ತಾರೇನು?"

"ಯಾರ್ ಬರ್ತಾರ? ನನ್ನ ಕಥಿಗೆ ಕಿತಾಬಿಲ್ಲ. ನಾನೂ ಬಾಯಿ ಮುಚ್ಚೀನಿ."

ಆಮೇಲೆ ಇಫ್ತಾರಿನಲ್ಲಿ ಅಮ್ಮಿ ನನ್ನ ತಟ್ಟೆಗೆ ಹಣ್ಣು ಹಾಕುವಾಗ ಒಂದೇ ಮಾತು ಅಂದಳು: "ಅಲ್ಲಾನ ಹತ್ರ ಎಷ್ಟು ಸಲ ಕೇಳ್ತಿ ದಿನಕ್ಕ?" ನಾನು ಉಂಗುರ ನೋಡಿ ಸಂಖ್ಯೆ ಹೇಳಿದೆ.

ಮಾರನೆಯ ದಿನದಿಂದ ಲೆಕ್ಕ ತಪ್ಪತೊಡಗಿತು. ಸಿಂಧನೂರು ಬಿಟ್ಟಾಗ ಸರಾಗವಾಗಿ ಸಾಗುತ್ತಿದ್ದ ಪ್ರಾರ್ಥನೆ ಮಸ್ಕಿ ಹತ್ತಿರವಾದಂತೆ ತೊದಲುತ್ತಿತ್ತು. ಕರುಣೆ ಬೇಡುತ್ತ ಬೇಡುತ್ತ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಖಾಲಾಗೆ ಮಾತ್ರ ಎಂದು ಹತ್ತೊಂಬತ್ತು ಪದಗಳ ಹೊಸ ಸಂದೇಶವೊಂದನ್ನು ಬರೆದೆ. ಅದನ್ನೂ ಬಾಜೂ ಮನೆಯ ಹುಡುಗಿಯೇ ಓದಿ ಹೇಳಬೇಕಲ್ಲ ಎಂದು ಅಳಿಸಿದೆ. ಮಸ್ಕಿಯಲ್ಲಿ ಇಳಿದು ಹೋಗುವುದು ಎಂಬ ವಿಧಾನ ಹೊಳೆಯಲಿಲ್ಲವೆಂದಲ್ಲ. ಅದಕ್ಕೆ ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ.

ಎಂಟನೆಯ ರೋಜಾ, ಗುರುವಾರ. ಲಿಂಗಸುಗೂರಿನಲ್ಲಿ ಬಸ್ಸು ತಡವಾಗಿ ಹೊರಟಿತು. ನಾನು ದಿನಾ ಕೂರುವ ಬದಿಯ ಸೀಟುಗಳು ತುಂಬಿದ್ದರಿಂದ ಓಣಿಯ ಕಡೆಯ ಕಿಟಕಿಗೇ ಕೂತೆ. ಮಸ್ಕಿಯ ನಿಲ್ದಾಣ ತಲುಪುವುದಕ್ಕೂ ಸೂರ್ಯ ಮುಳುಗಿ ಮಸೀದಿಯಲ್ಲಿ ಅಜಾನ್ ಆಗುವುದಕ್ಕೂ ಸರಿಹೋಯಿತು. ಖರ್ಜೂರದ ಡಬ್ಬಿಗಾಗಿ ಬ್ಯಾಗಿಗೆ ಕೈ ಹಾಕಿದೆ. ಅದು ಸ್ಟಾಫ್ ರೂಮಿನ ಮೇಜಿನ ಮೇಲೆ ಉಳಿದಿತ್ತು.

"ರೋಜಾ ಇದ್ದೋರು ಬಿಡ್ರಿ, ಐದು ನಿಮಿಷ ನಿಲ್ಲಿಸ್ತೀವಿ," ಎಂದು ಕಂಡಕ್ಟರ್ ಕೂಗಿದರು.

ಕೆಳಗೆ ಇಬ್ಬರು ಮೂವರು ಕಿಟಕಿಯಿಂದ ಕಿಟಕಿಗೆ ಖರ್ಜೂರ, ನೀರು ಕೊಡುತ್ತ ಬರುತ್ತಿದ್ದರು. ಪ್ರಯಾಣದಲ್ಲಿರುವವರ ರೋಜಾ ಬಿಡಿಸಿದರೆ ಪುಣ್ಯ ಎಂದು ಓಣಿಯವರು ಪ್ರತಿ ವರ್ಷ ಹಾಗೆ ಬರುತ್ತಾರೆ. ಸ್ಟೀಲಿನ ತಟ್ಟೆ ಹಿಡಿದ ಎರಡನೆಯವಳು ಖಾಲಾ ಆಗಿದ್ದಳು.

ನಾನು ದುಪಟ್ಟಾವನ್ನು ಮೂಗಿನ ಮೇಲಕ್ಕೆ ಎಳೆದುಕೊಂಡೆ. ಧೂಳಿಗೆಂದು ಹಾಕಿದ್ದ ಮಾಸ್ಕ್ ಒಳಗಡೆ ಇದ್ದೇ ಇತ್ತು. ಕಣ್ಣು ಕೆಳಗೆ ಹಾಕಿ, ಕೈಯನ್ನಷ್ಟೇ ಕಿಟಕಿಯಾಚೆ ಚಾಚಿದೆ. ಅಂಗೈ ಮೇಲೆ ಎರಡು ಖರ್ಜೂರ ಬಿದ್ದವು, ನೀರಿನ ಲೋಟ ಬಂತು.

"ಗಟಗಟ ಕುಡಿಬ್ಯಾಡ," ಅಂದಳು ಖಾಲಾ. "ನಿನಗ ನೆತ್ತಿಗೇರ್ತೈತಿ."

ಮುಂದಿನ ಕಿಟಕಿಗೆ ಹೋದಳು. ಖಾಲಿ ಲೋಟ ತೆಗೆದುಕೊಳ್ಳಲು ಬಂದದ್ದು ಬೇರೆ ಹೆಂಗಸು. ನಾನು ನಿಧಾನವಾಗಿಯೇ ಕುಡಿದಿದ್ದೆ. ಆದರೂ ನೆತ್ತಿಗೇರಿತು. ಕೆಮ್ಮುವುದರೊಳಗೆ ಬಸ್ಸು ಹೊರಟಿತು.

ಪಕ್ಕದಲ್ಲಿ ಕೂತಿದ್ದ, ಸಾಲಗುಂದಕ್ಕೆ ಹೋಗುವ ಹೆಂಗಸು ಬೆನ್ನು ತಟ್ಟಿದರು. "ನಿಮ್ಮೋರೇನವ್ವಾ ಆಕಿ?"

"ಹೌದ್ರಿ. ನಮ್ಮ ಖಾಲಾ."

"ಮತ್ತ ಮಾತಾಡ್ಸಲಿಲ್ಲಲ್ಲ?"

"ಬಾಯಾಗ ಖರ್ಜೂರ ಇತ್ರಿ."

"ಖರ್ಜೂರ ಎಷ್ಟೊತ್ತು ಇರ್ತೈತವ್ವಾ ಬಾಯಾಗ?"

ಒಂದು ವರ್ಷ ಎಂಬುದೇ ಇದಕ್ಕೆ ಸರಿಯಾದ ಉತ್ತರವಾಗಿತ್ತು. ಅವರು ಆಮೇಲೆ ಜೋಳದ ವಿಷಯ ಮಾತಾಡಿದರು. ಸಿಂಧನೂರು ಬರುವವರೆಗೆ ನಾನು ಹೂಂ ಅನ್ನುತ್ತ ಹೋದೆ. ಉಂಗುರದ ಗುಂಡಿ ಒತ್ತುವುದು ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಅರ್ಧ ದಿನದ ರಜೆ ತಿಳಿಸಿ ಮಸ್ಕಿಯಲ್ಲಿ ಇಳಿದೆ. ಖಾಲಾ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಕಾಲೇಜಿಲ್ಲೇನು?"

"ಅರ್ಧ ದಿನ ರಜಾ ಹಾಕೀನಿ."

"ಅರ್ಧ ದಿನದಾಗ ಆಗುವಂಥಾದ್ದು ಏನೈತಿ?"

ನಾನು ನಿಂತೇ ಹೇಳಿದೆ. "ಹೋದ ವರ್ಷ ಎಲ್ಲಾರ ಮುಂದ ನಿನ್ನ ಮಾತು ಕಡದೆ ಖಾಲಾ. ತಿಳಿದೇ ಕಡದೆ. ನನಗ ಹೆಚ್ಚು ಗೊತ್ತೈತಿ ಅಂತ ತೋರ್ಸಾಕ. ಮಾಫ್ ಮಾಡು."

ಖಾಲಾ ಒಂದು ಕಲ್ಲು ಆರಿಸಿ ಆಚೆ ಎಸೆದಳು. "ನಂದೇನು, ಮಾಡೀನಿ. ನಿನ್ನೆ ಖರ್ಜೂರ ಸುಮ್ನ ಕೊಟ್ನೇನು? ಆದ್ರ ಆ ಆರು ಮಂದಿ ಬರಂಗಿಲ್ಲಲ್ಲ, ಅದಕ್ಕೇನ್ ಮಾಡ್ತಿ? ಓದಿದಾಕಿ ಸುಳ್ಳು ಅಂದ ಮ್ಯಾಲ ನಾ ಯಾವ ಬಾಯಿಲೆ ಬರ್ರಿ ಅನ್ಲಿ?"

"ನಾ ಕರೀತೀನಿ."

"ಫೋನಿನ್ಯಾಗ?"

"ಇಲ್ಲ. ಹೋಗಿ."

ಆಗ ತಲೆ ಎತ್ತಿ ನನ್ನನ್ನು ನೋಡಿದಳು. ಹಬ್ಬಕ್ಕೆ ಅಕ್ಕಪಕ್ಕದ ಮನೆಗೆ ಶೀರ್ ಖುರ್ಮಾ ಪಾಯಸ ಕೊಟ್ಟು ಬಾ ಎಂದರೆ ಗೇಟಿನ ಹತ್ತಿರ ಇಟ್ಟು ಓಡಿಬರುತ್ತಿದ್ದವಳು ನಾನು. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಹನ್ನೊಂದಕ್ಕ ಬರ್ಲಿಕ್ಕೆ ಹೇಳು," ಅಂದಳು. "ಚಾಪಿ ಹಾಸಿರ್ತೀನಿ."

ಮೊದಲ ಬಾಗಿಲಿನ ಮುಂದೆ ನಿಂತು ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದಿದೆ. ಬಾಗಿಲು ತೆರೆದ ಹೆಂಗಸಿನ ಕೈಯಲ್ಲಿ ಕಸಬರಿಗೆ ಇತ್ತು. ವಾಕ್ಯ ಮರೆತುಹೋಯಿತು.

"ಹೋದ ವರ್ಷ ಖಾಲಾನ ಕಥಿ ನಡುವ ಬಾಯಿ ಹಾಕಿದಾಕಿ ನಾನೇ ರೀ. ತಪ್ಪಾತು. ಇವತ್ತು ಹನ್ನೊಂದಕ್ಕ ಖಾಲಾ ಕಥಿ ಹೇಳ್ತಾಳ. ಬರ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನೂ ಹೇಳಾಕಿದ್ದೀಯೇನು?"

"ಇಲ್ರೀ."

"ಖರೇನ?"

"ಖರೇನ್ರಿ."

"ಹಂಗಾರ ಬರ್ತೀನಿ," ಎಂದು ಕಸ ಗುಡಿಸತೊಡಗಿದರು.

ಎರಡನೆಯ ಮನೆಯ ಬಾಗಿಲು ಹಾಕಿತ್ತು. ಒಳಗೆ ಮಿಕ್ಸಿ ತಿರುಗುತ್ತಿತ್ತು. ಅದು ನಿಲ್ಲುವವರೆಗೆ ಕಾದು ಚಿಲಕ ಬಡಿದೆ.