ಬಿಳಿ ಬಣ್ಣದ ತೇಪೆ

ಅವರ ಬಲಗೈಯ ಕಿರುಬೆರಳು ಒಳಕ್ಕೆ ಬಾಗಿಯೇ ಇರುತ್ತಿತ್ತು. ಮೂವತ್ತು ವರ್ಷ ಅದನ್ನೇ ಬೋರ್ಡಿಗೆ ಊರಿ ಕುಂಚ ಓಡಿಸಿದ್ದರಿಂದ ಅದು ಮತ್ತೆ ನೇರವಾಗಲೇ ಇಲ್ಲ. ಅದರ ಬದಿಗೆ ಅಂಟಿದ ಬಣ್ಣ ನೋಡಿ, ದುಬೈಯ ಅಲ್ ಕುಸೈಸ್ ಬಡಾವಣೆಯಲ್ಲಿ ಆ ವಾರ ಯಾವ ಅಂಗಡಿ ತೆರೆಯಿತೆಂದು ಹೇಳಬಹುದಿತ್ತು: ಹಸಿರಾದರೆ ಔಷಧಿಯಂಗಡಿ, ನೀಲಿಯಾದರೆ ಲಾಂಡ್ರಿ.

ನಾನು ಮೈಸೂರಿನಿಂದ ಬಂದು ದುಬೈಯ ಒಂದು ಸಣ್ಣ ಜಾಹೀರಾತು ಕಂಪನಿ ಸೇರಿದಾಗ ಅವರು ಅಲ್ಲಿ ಬೋರ್ಡ್ ಬರೆಯುತ್ತಿದ್ದರು. ಉಳ್ಳಾಲದ ಕಡೆಯ ಬ್ಯಾರಿ. ಆಫೀಸಿಗೆಲ್ಲ ಅವರು ಕಾಕಾ, ಅವರಿಗೆ ನಾನು ಮಗಳು. ಅಕ್ಷರ ಕತ್ತರಿಸುವ ಯಂತ್ರ ಬಂದ ವರ್ಷ, ಅವರ ವೀಸಾ ಇನ್ನು ಮುಂದುವರಿಸುವುದಿಲ್ಲವೆಂದು ಮಾಲೀಕರು ತಿಳಿಸಿದರು.

"ಖಲಾಸ್ ಮಗಳೇ, ಇನ್ನು ಎರಡೇ ತಿಂಗಳು. ಅದರೊಳಗೆ ಮೊಮ್ಮಗಳ ಏಡಿ ಮುಗೀಬೇಕು," ಎಂದರು.

ಏಡಿ ಎಂದರೆ ಊರಿನಲ್ಲಿದ್ದ ಮೊಮ್ಮಗಳಿಗಾಗಿ ಬರೆಯುತ್ತಿದ್ದ ಒಂದು ಚಿತ್ರಕಥೆ, ಕಾಮಿಕ್ಸ್ ಥರದ್ದು. ಉಳ್ಳಾಲದ ಏಡಿಯೊಂದು ಹಡಗಿನ ಹಗ್ಗಕ್ಕೆ ಜೋತು ಬಿದ್ದು ದುಬೈಗೆ ಬರುವ ಕತೆ, ಹನ್ನೆರಡು ಹಾಳೆ. ಅದನ್ನು ಊಟದ ಬಿಡುವಿನಲ್ಲಿ ಬರೆಯುತ್ತಿದ್ದರು, ಸಂಜೆಯೊಳಗೆ ಹರಿದು ಹಾಕುತ್ತಿದ್ದರು. ಹರೆಯದಲ್ಲಿ ಮಂಗಳೂರಿನ ಒಂದು ಮಕ್ಕಳ ಮಾಸಿಕದ ಚಿತ್ರಕಾರರ ಬಳಿ ಕಲಿತವರು. ತಿದ್ದಿದ ಹಾಳೆ ಕಂಡರೆ ಆ ಗುರುಗಳು ಹರಿದು ಕೈಗೇ ಕೊಡುತ್ತಿದ್ದರಂತೆ. "ತಪ್ಪಿಗೆ ಬಿಳಿ ಬಳಿದವ ಕಳ್ಳ" ಎಂಬ ಅವರ ಮಾತು ಕಾಕಾರ ಬಾಯಲ್ಲಿ ಗಾದೆಯೇ ಆಗಿತ್ತು. ಒಂದು ಗೆರೆ ನಡುಗಿದರೂ ಇಡೀ ಹಾಳೆ ಕಸದ ಬುಟ್ಟಿಗೆ. ಒಂದು ತಿಂಗಳು ಕಳೆಯಿತು, ಒಂದು ಹಾಳೆಯೂ ಉಳಿದಿರಲಿಲ್ಲ.

ಆಗಲೇ ಅಬುಧಾಬಿಯ ಮ್ಯೂಸಿಯಂ ಒಂದರಲ್ಲಿ ಚಿತ್ರಕಥೆಗಳ ಮೂಲ ಹಾಳೆಗಳ ಪ್ರದರ್ಶನ ನಡೆದದ್ದು. ಅದರ ಬೋರ್ಡುಗಳನ್ನು ನಮ್ಮ ಯಂತ್ರವೇ ಕತ್ತರಿಸಿಕೊಟ್ಟಿತ್ತು, ಹಾಗಾಗಿ ನಮಗೆ ಎರಡು ಪಾಸು ಸಿಕ್ಕವು. ಶುಕ್ರವಾರ ಕಾಕಾ ಜುಮಾ ನಮಾಜು ಮುಗಿಸಿ ಬಂದ ಮೇಲೆ ಬಸ್ಸು ಹತ್ತಿದೆವು. ನನ್ನ ದಿನಚರಿಯಲ್ಲಿ ಆ ದಿನಕ್ಕೆ ಇರುವುದು ಇಷ್ಟೇ: 'ಅಬುಧಾಬಿ. ಸೆಖೆ. ಕಾಕಾ ದಾರಿಯುದ್ದ ಬಾಯಿ ಮುಚ್ಚಲಿಲ್ಲ.' ಉಳಿದದ್ದೆಲ್ಲ ನೆನಪು. ಅದನ್ನು ನಾನು ಪೂರ್ತಿ ನಂಬುವವಳಲ್ಲ.

ಮೊದಲ ಗೋಡೆಯಲ್ಲಿ ಅರಬ್ಬಿಯ ಚಿತ್ರಕಥೆ, ಒಬ್ಬ ನಾವಿಕನದ್ದು. ನಾನು ಎಡತುದಿಯಿಂದ ನೋಡುತ್ತ ಹೋದೆ, ಅವರು ಬಲತುದಿಯಿಂದ.

"ಪಾಪ ಕಾಕಾ, ಬಿರುಗಾಳಿಗೆ ಸಿಕ್ಕಿ ಹೋಗಿಬಿಟ್ಟ. ಕೊನೆಯಲ್ಲಿ ಹೆಂಡತಿ ದಡದಲ್ಲಿ ಅಳ್ತಾ ನಿಂತಿದಾಳೆ."

"ಎಂತ ಮಾರಾಯ್ತಿ! ಅದು ಅವ ಹೊರಡುವಾಗ ಅತ್ತದ್ದು. ಅವ ಬದುಕಿ ಬಂದು ಮನೆಯಲ್ಲಿ ಬಿರಿಯಾನಿ ತಿನ್ತಾ ಇದ್ದಾನೆ, ನೀನು ಕೊಂದೇ ಬಿಟ್ಟೆಯಲ್ಲ! ದಿನಾ ಅರಬ್ಬಿ ಬೋರ್ಡ್ ನೋಡ್ತಿ, ಬಲದಿಂದ ಓದ್ಬೇಕು ಅಂತ ಗೊತ್ತಿಲ್ವಾ?"

ನಗುತ್ತಲೇ ಬಿರುಗಾಳಿಯ ಹಾಳೆಗೆ ಬಗ್ಗಿದವರು ಅಲ್ಲೇ ನಿಂತರು. "ಮಗಳೇ, ಬೇಗ ಬಾ. ಇದು ಎಂತದು, ಹೇಳು."

ನಾವಿಕನ ಕೈಯ ಸುತ್ತ ದಪ್ಪಗೆ ಬಿಳಿ ಬಣ್ಣ. ಅದರಡಿಯಲ್ಲಿ ಇನ್ನೊಂದು ಕೈ, ಮಸುಕಾಗಿ. ಅಚ್ಚಿನಲ್ಲಿ ಕಾಣದ್ದು ಇಲ್ಲಿ ಗಾಯದ ಗುರುತಿನಂತೆ ಉಬ್ಬಿತ್ತು. ಅಚ್ಚಾದ ಪುಸ್ತಕಗಳನ್ನಷ್ಟೇ ಕಂಡಿದ್ದ ಕಾಕಾ, ದೊಡ್ಡವರ ಗೆರೆಯೆಲ್ಲ ಒಂದೇ ಉಸಿರಿನದ್ದೆಂದು ಅಷ್ಟು ವರ್ಷ ನಂಬಿದ್ದರು. ಮುಂದಿನ ಹಾಳೆಗೆ ಹೋದರು. ಅದರ ಮುಂದಿನದಕ್ಕೆ ಓಡಿದರು ಎಂದೇ ಹೇಳಬೇಕು.

"ಇಲ್ಲಿ ಉಂಟು! ಇಲ್ಲಿಯೂ ಉಂಟು! ಇಲ್ಲಿ ಮಾತನ್ನೇ ಬೇರೆ ಕಾಗದದಲ್ಲಿ ಬರೆದು ಅಂಟಿಸಿದ್ದಾರೆ! ಈ ಮಹಾರಾಯ ನೋಡು, ಇಡೀ ಕುದುರೆಯನ್ನೇ ಮುಚ್ಚಿ ಹಾಕಿದ್ದಾನೆ!"

ಕಾವಲಿನವನು ಬಂದು, ಗಾಜು ಮುಟ್ಟಬೇಡಿ ಎಂದು ಮಲಯಾಳದಲ್ಲಿ ಗದರಿದ.

"ಮುಟ್ಟಲಿಲ್ಲ ಮಾರಾಯ, ಮೂಗು ತಾಗಿದ್ದು," ಎಂದು ಕಾಕಾ ಕನ್ನಡದಲ್ಲೇ ಹೇಳಿದರು. ಅವನಿಗೆ ಅರ್ಥವಾಯಿತೋ ಏನೋ, ನಕ್ಕುಬಿಟ್ಟ.

ಆ ಕೋಣೆಯನ್ನು ಮೂರು ಸಲ ಸುತ್ತಿದೆವು. ನನಗೂ ಹುಚ್ಚು ಹಿಡಿದು, ಕತೆ ಬಿಟ್ಟು ತೇಪೆಗಳನ್ನೇ ಹುಡುಕತೊಡಗಿದೆ. ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು ಎಂದು ಹಲವರಿಗೆ ಹೇಳಿದ್ದೇನೆ. ಒದ್ದೆಯಾಗಿತ್ತೇ? ಅಥವಾ ನನ್ನ ಕತೆಗೆ ಅದು ಬೇಕಿತ್ತೇ? ಈಗ ಗೊತ್ತಿಲ್ಲ. ಆದರೆ ಈ ಮಾತು ಚೆನ್ನಾಗಿ ನೆನಪಿದೆ: "ಇವರು ಯಾರೂ ಕಳ್ಳರಲ್ಲ ಮಗಳೇ. ನನ್ನ ಹಾಗೇ ಕೂತು ಬರೆದವರು."

ಮರುದಿನ ಅವರ ಮೇಜಿನ ಮೇಲೆ ಬಿಳಿ ಬಣ್ಣದ ಶೀಶೆ ಇತ್ತು. ಮಧ್ಯಾಹ್ನ ಮೊದಲ ಹಾಳೆ ಮುಗಿಯುವ ಹೊತ್ತಿಗೆ ಏಡಿಗೆ ಎಡಬದಿಯಲ್ಲಿ ಒಂದು ಕಾಲು ಹೆಚ್ಚಾಗಿಬಿಟ್ಟಿತು. ಅವರ ಬೆರಳುಗಳು ಹರಿಯಲೆಂದು ಹಾಳೆಯ ಅಂಚನ್ನು ಹಿಡಿದವು. "ಕಾಕಾ!" ಎಂದೆ. ಅವರು ನನ್ನ ಕಡೆ ನೋಡಲಿಲ್ಲ. ಅಂಚನ್ನು ಬಿಟ್ಟರು. ಆಮೇಲೆ ಶೀಶೆಯ ಮುಚ್ಚಳ ತೆರೆದು, "ಗುರುಗಳೇ, ಮಾಫ್ ಮಾಡಿ," ಎಂದು ಕುಂಚ ಅದ್ದಿದರು.

ಹನ್ನೆರಡನೆಯ ಹಾಳೆ ಮುಗಿದದ್ದು ವಿಮಾನದ ಹಿಂದಿನ ದಿನ. ನಾನು ತೇಪೆಗಳನ್ನೇ ಹುಡುಕುತ್ತಿದ್ದುದನ್ನು ಕಂಡು, "ಏಡಿಯನ್ನೂ ಸ್ವಲ್ಪ ನೋಡು ಮಾರಾಯ್ತಿ," ಎಂದು ಗದರಿದರು.

ಊರಿಗೆ ಹೋಗಿ ನಾಲ್ಕು ವರ್ಷಕ್ಕೆ ಅವರು ತೀರಿಕೊಂಡರು. ಫೋನಿನಲ್ಲಿ ಅವರ ಮಗಳು ಅಳು ನಿಂತ ಮೇಲೆ ಒಂದು ವಿಷಯ ಹೇಳಿದಳು. ಕಾಕಾರ ಆ ಮೊಮ್ಮಗು ಈಗ ಏಡಿಯ ಕತೆ ಓದುವುದನ್ನು ಬಿಟ್ಟಿದೆಯಂತೆ, ಬಾಯಿಪಾಠವಾಗಿದೆ. ಮೊದಲ ಹಾಳೆಯನ್ನು ತಿರುಗಿಸಿ ಕಿಟಕಿಯ ಬಿಸಿಲಿಗೆ ಹಿಡಿಯುತ್ತದಂತೆ. ಅಜ್ಜ ಮುಚ್ಚಿಟ್ಟ ಕಾಲು ಆಗ ಕಾಣುತ್ತದೆ. ಬಂದವರಿಗೆಲ್ಲ ಮೊದಲು ತೋರಿಸುವುದು ಅದನ್ನೇ.